ಎರಡು ‘ಇಲ್ಲ’, ಒಂದು ‘ಉಂಟು’

ನಾನು ಮಾಡದೆ ಬಿಟ್ಟ ಕೆಲಸ ಬಹಳ ಚಿಕ್ಕದು. ಒಂದು ಸಂಜೆ ತೆಂಗಿನ ಗೆರಟೆಯ ಸೌಟಿನಿಂದ ಮಣೆಗೆ ‘ಟಕ್’ ಎಂದು ಬಡಿಯಬೇಕಿತ್ತು. ಬಡಿಯಲಿಲ್ಲ. ಇಷ್ಟಕ್ಕೆಲ್ಲ ಯಾರಾದರೂ ಕೊರಗುತ್ತಾರೆಯೇ ಎಂದು ನೀವು ನಗಬಹುದು. ಹಗಲು ಹೊತ್ತು ನಾನೂ ನಗುತ್ತೇನೆ. ದೀಪ ಹಚ್ಚುವ ಹೊತ್ತಿಗೆ ಮಾತ್ರ ನಗು ಬರುವುದಿಲ್ಲ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಕಾಪುವಿನ ದೀಪಸ್ತಂಭದ ಬೆಳಕು ಗೋಡೆ ಸವರಿಕೊಂಡು ಹೋಗುವ ಮನೆಯಲ್ಲಿ, ಅಪ್ಪ ಅಮ್ಮ ತೀರಿದ ಮೇಲೆ, ನಾನು ಮತ್ತು ತಂಗಿ ವಸಂತಿ ಇಬ್ಬರೇ. ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟು ಒಲೆ ಹಿಡಿದವಳು. ಅವಳು ಹೈಸ್ಕೂಲು ಮುಗಿಸಿ ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸ ಕೇಳಿದ್ದಳು. ಸಿಕ್ಕಿದರೆ ಅಲ್ಲೇ ವಾಸ. ಇಂಟರ್‌ವ್ಯೂ ಇಂಗ್ಲಿಷಿನಲ್ಲಿ. ಅವಳ ಇಂಗ್ಲಿಷಿಗಿದ್ದ ಕಾಯಿಲೆ ಒಂದೇ: ‘ನೋಬಡಿ ಈಸ್ ನಾಟ್ ದೇರ್.’

ತಪ್ಪು ಅವಳದಲ್ಲ, ನಮ್ಮ ಮಾತಿನದು. ನಮ್ಮ ‘ಯಾರೂ’ ಒಂಟಿಯಾಗಿ ನಡೆಯಲಾರದ ಮುದುಕಿ. ‘ಇಲ್ಲ’ದ ಕೈ ಹಿಡಿದೇ ಹೊಸ್ತಿಲು ದಾಟಬೇಕು. ಇಂಗ್ಲಿಷಿನ ‘ನೋಬಡಿ’ ಹಾಗಲ್ಲ, ‘ಇಲ್ಲ’ವನ್ನು ಮೊದಲೇ ನುಂಗಿಕೊಂಡು ಬಂದಿರುತ್ತದೆ. ಅದಕ್ಕೆ ಇನ್ನೊಂದು ಬಡಿಸಬಾರದು. ವಸಂತಿಯ ಮೇಷ್ಟ್ರು ಹೇಳಿದ್ದರಂತೆ: “ಎರಡು ಇಲ್ಲ ಸೇರಿದರೆ ಒಂದು ಉಂಟು ಆಗ್ತದೆ ಮಾರಾಯ್ತಿ. ಯಾರೂ ಇಲ್ಲ ಅಂತ ಹೇಳ್ಲಿಕ್ಕೆ ಹೋಗಿ ಯಾರನ್ನೋ ಒಳಗೆ ಕರೆದ ಹಾಗೆ!”

ಇಂಗ್ಲಿಷ್ ಬಾರದ ನಮ್ಮ ಅಮ್ಮನಿಗೂ ಈ ಲೆಕ್ಕ ಗೊತ್ತಿತ್ತು. ಮುಸ್ಸಂಜೆ ಅಕ್ಕಿ ಇಲ್ಲ ಎಂದು ಯಾರಾದರೂ ಬಾಯಿಬಿಟ್ಟರೆ, “ಇಲ್ಲ ಅಂತ ಇಲ್ಲ ಅನ್ನು” ಎಂದು ಗದರಿಸುತ್ತಿದ್ದಳು. ಬರಿಯ ‘ಇಲ್ಲ’ ಹೇಳಿದರೆ ಅದು ಮನೆಯಲ್ಲೇ ಉಳಿಯುತ್ತದಂತೆ.

ನನಗೆ ಇಂಗ್ಲಿಷ್ ತಿಳಿಯದಿದ್ದರೂ ‘ನ’ಕಾರ ಕೇಳಿಸುತ್ತದಲ್ಲ! ಹಾಗಾಗಿ ಒಂದು ಒಪ್ಪಂದ ಮಾಡಿಕೊಂಡೆವು: ವಸಂತಿ ಅಂಗಳದಲ್ಲಿ ನಡೆಯುತ್ತ ಇಂಗ್ಲಿಷ್ ಹೇಳುವುದು. ಒಂದೇ ವಾಕ್ಯದಲ್ಲಿ ನೋ, ನೋಬಡಿ, ನಾಟ್, ನಥಿಂಗ್‌ಗಳಲ್ಲಿ ಎರಡು ಬಂದರೆ ನಾನು ಸೌಟು ಬಡಿಯುವುದು. ಮೊದಲ ದಿನ ‘ನೈಸ್ ನೇಬರ್’ ಎಂದದ್ದಕ್ಕೂ ಬಡಿದೆ. “ಎಂತ ಅಕ್ಕ, ಪಾಪದ ನೆರೆಯವನಿಗೂ ಪೆಟ್ಟಾ?” ಎಂದು ಅವಳು ಬಿದ್ದು ಬಿದ್ದು ನಕ್ಕಳು. ಬರಬರುತ್ತ ನನ್ನ ಕಿವಿ ಪಳಗಿತು. ಅವಳ ನಾಲಿಗೆಯೂ ಪಳಗಿತು. ಆಗಲೇ ನನಗೆ ಹೊಳೆದದ್ದು: ಇವಳು ನಿಜಕ್ಕೂ ಹೋಗಿಬಿಡುತ್ತಾಳೆ.

ಇಂಟರ್‌ವ್ಯೂವಿನ ಹಿಂದಿನ ಸಂಜೆ ಅವಳು ಹೆದರಿದ್ದಳು. ಹಳೆಯ ತಪ್ಪು ಮರಳಿ ಬಂತು: ‘ನೋಬಡಿ ಈಸ್ ನಾಟ್ ದೇರ್ ಅಟ್ ಹೋಮ್.’ ಸೌಟು ಕೈಯಲ್ಲೇ ಇತ್ತು. ಅವಳು ನನ್ನ ಮುಖ ನೋಡಿದಳು.

“ಸರಿಯಾ ಅಕ್ಕ?”

“ಸರಿ ಉಂಟು.”

ಅವಳು ಅದನ್ನೇ ಬಾಯಿಪಾಠ ಮಾಡಿದಳು. ಮರುದಿನ ಅಕ್ಕನನ್ನು ಬಿಟ್ಟರೆ ಮನೆಯಲ್ಲಿ ಮತ್ಯಾರಿದ್ದಾರೆಂದು ಕೇಳಿದಾಗ ಅದನ್ನೇ ಒಪ್ಪಿಸಿದಳು. ಆಫೀಸಿನವರು ಗೊಳ್ಳೆಂದು ನಕ್ಕರಂತೆ. ಆಮೇಲೆ ಕೇಳಿದ್ದಕ್ಕೆಲ್ಲ ಅವಳು ತಡವರಿಸಿದಳು, ಕೆಲಸ ಸಿಗಲಿಲ್ಲ. “ನನ್ನ ನಾಲಿಗೆಯೇ ಸರಿ ಇಲ್ಲ ಅಕ್ಕ” ಎಂದು ಅತ್ತಳು. ನಾನು ಕಣ್ಣೊರೆಸಿದೆ, ಗಂಜಿ ಬಡಿಸಿದೆ, ನಿಜ ಹೇಳಲಿಲ್ಲ. ಮತ್ತೆ ಅವಳು ಇಂಗ್ಲಿಷ್ ಮುಟ್ಟಲಿಲ್ಲ. ವರ್ಷ ತುಂಬುವುದರೊಳಗೆ ಕಾರ್ಕಳದ ಹತ್ತಿರ ಕುಕ್ಕುಂದೂರಿಗೆ ಮದುವೆಯಾಗಿ ಹೋದಳು. ಹೋಗುವವರು ಹೇಗೂ ಹೋಗುತ್ತಾರೆ.

ಮನೆಯಲ್ಲಿ ನಾನೊಬ್ಬಳೇ ಉಳಿದೆ. ಒಬ್ಬಳೇ ಎಂದು ಅಂದುಕೊಂಡಿದ್ದೆ. ಒಂದು ಮುಸ್ಸಂಜೆ ಮೀನಿನವಳು ಗೇಟಿನ ಬಳಿ ನಿಂತು, “ಒಳಗೆ ಮತ್ಯಾರೂ ಇಲ್ವಾ ಅಕ್ಕ?” ಎಂದಳು. “ಇಲ್ಲ ಇಲ್ಲ” ಎಂದೆ. ಅಡುಗೆಮನೆಯಲ್ಲಿ ‘ಟಕ್’ ಎಂದಿತು.

ಕಡಲ ಗಾಳಿಗೆ ಮೊಳೆಗೆ ನೇತುಹಾಕಿದ ಸೌಟು ಅಲುಗಿರಬೇಕು. ಸೌಟನ್ನು ಪೆಟ್ಟಿಗೆಯೊಳಗೆ ಇಟ್ಟೆ. ಆದರೂ ಸಂಜೆ ಹೊತ್ತು ಮೈಮರೆತು ಎರಡು ‘ಇಲ್ಲ’ ಒಟ್ಟಿಗೆ ಹೇಳಿದರೆ ಒಳಗಿಂದ ‘ಟಕ್’. ಒಂದು ‘ಇಲ್ಲ’ಕ್ಕೆ ಗಾಳಿ ಸುಮ್ಮನಿರುತ್ತದೆ. ವ್ಯಾಕರಣ ಬಲ್ಲ ಗಾಳಿ.

ಕಳೆದ ವಾರ ವಸಂತಿ ಬಂದಿದ್ದಳು. ದೀಪ ಹಚ್ಚಿ ಚಾವಡಿಯಲ್ಲಿ ಕೂತೆವು. “ಒಬ್ಬಳೇ ಇರ್ಲಿಕ್ಕೆ ಹೆದರಿಕೆ ಇಲ್ವಾ ಅಕ್ಕ?” ಎಂದಳು. “ಇಲ್ಲ, ಏನೂ ಇಲ್ಲ” ಎಂದೆ. ಒಳಗೆ ‘ಟಕ್’ ಎಂದಿತು. ಅವಳು ತಿರುಗಿ ನೋಡಿದಳು. ಅವಳಿಗೂ ಕೇಳಿಸಿತ್ತು.

“ಎಂತ ಅಕ್ಕ ಅದು?”

ಗಾಳಿ ಎನ್ನಲು ಹೊರಟ ಬಾಯಿಂದ ಅವಳ ಹಳೆಯ ಇಂಗ್ಲಿಷ್ ಬಂತು: “ಐ ಡಿಡ್ ನಾಟ್ ಡೂ ನಥಿಂಗ್.”

ಅವಳ ಬೆರಳು ತಾನಾಗಿ ಕೂತಿದ್ದ ಹಲಗೆಗೆ ಬಡಿಯಿತು. “ಎರಡು ಬಂತಲ್ಲ ಅಕ್ಕ” ಎಂದು ನಕ್ಕಳು.

“ಬರಲಿ. ಎರಡೂ ಬೇಕು. ನಾನು ಮಾಡಿದ್ದು ಉಂಟು. ಆ ಸಂಜೆಯೂ ಎರಡು ಬಂದದ್ದು ನನಗೆ ಕೇಳಿತ್ತು. ನೀನು ಹೋಗಬಾರದು ಅಂತ ಬೇಕೆಂದೇ ಬಡಿಯಲಿಲ್ಲ. ನಿನ್ನ ನಾಲಿಗೆ ಸರಿಯಾಗಿಯೇ ಉಂಟು ವಸಂತಿ. ನನ್ನದು ತಪ್ಪಾಯಿತು.”