ನಾಚಿಕೆಯ ಪ್ರಶ್ನೆ ಕೇಳುವ ರಿನ್ಸ್ಕೆ

ಬೆಳಗಿನ ಆರೂವರೆ. ವರ್ಕಮ್ ಊರಿನ ಕಾಲುವೆಯ ಮೇಲೆ ಮಂಜು ಇನ್ನೂ ಕರಗಿಲ್ಲ. ರಿನ್ಸ್ಕೆ ಸೈಕಲ್ಲನ್ನು ಗೋಡೆಗೊರಗಿಸಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮೊದಲ ಮನೆಯೊಳಗೆ ಹೋಗುತ್ತಾರೆ. ತೊಂಬತ್ತೊಂದರ ಅಜ್ಜಿ ಹಾಸಿಗೆಯಲ್ಲೇ ಕಣ್ಣು ಬಿಡುತ್ತಾರೆ.

"ನಿನ್ನೆ ಕಕ್ಕಸು ಸರಿಯಾಗಿ ಆಯ್ತಾ?"

"ಕಾಫಿಗೂ ಮುಂಚೆ ಇದನ್ನೇ ಕೇಳ್ತೀಯಲ್ಲೇ, ನಾಚಿಕೆಗೆಟ್ಟವಳೇ!"

"ಕಾಫಿ ಆಮೇಲೆ. ಗಟ್ಟಿನೋ, ತೆಳುನೋ?"

ಅಜ್ಜಿ ಬೈಯುತ್ತಲೇ ಎಲ್ಲವನ್ನೂ ಹೇಳುತ್ತಾರೆ.

ಐವತ್ತೇಳರ ರಿನ್ಸ್ಕೆ ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸ್. ದಿನಕ್ಕೆ ಹನ್ನೊಂದು ಮನೆ, ಹದಿನಾರು ಕಿಲೋಮೀಟರ್ ಸೈಕಲ್, ಅದರಲ್ಲಿ ಅರ್ಧ ಎದುರುಗಾಳಿ. ಮೊದಲು ಚೀಸ್ ಕಾರ್ಖಾನೆಯಲ್ಲಿದ್ದರು. ಅಮ್ಮನ ಸಾವು ಅವರನ್ನು ಈ ಕೆಲಸಕ್ಕೆ ತಂದಿತು. "ಎಂಟು ತಿಂಗಳಿಂದ ಮಲದಲ್ಲಿ ರಕ್ತ ಹೋಗ್ತಿತ್ತು. ಅಮ್ಮ ನಾಚಿಕೊಂಡು ಹೇಳ್ಲಿಲ್ಲ, ನಾನು ನಾಚಿಕೊಂಡು ಕೇಳ್ಲಿಲ್ಲ. ಡಾಕ್ಟರ ಹತ್ತಿರ ಹೋಗೋ ಹೊತ್ತಿಗೆ ಎಲ್ಲ ಮುಗಿದಿತ್ತು."

ಕಳೆದ ಶರತ್ಕಾಲದಲ್ಲಿ ಔಕ್ಯೆ ಎಂಬ ಗೃಹಿಣಿ ಇವರಿಗೆ ಬಾಗಿಲು ತೆಗೆದಾಗ ಕೈ ತುಂಬ ಒದ್ದೆ ಹೊದಿಕೆ. ಗಂಡ ಡೌವೆ, ಕಾಲುವೆಯ ಸೇತುವೆ ಎತ್ತಿ ಇಳಿಸುತ್ತಿದ್ದ ನಿವೃತ್ತ ನೌಕರ, ಮೂರು ವಾರದಿಂದ ಬಟ್ಟೆ ಕೆಡಿಸಿಕೊಳ್ಳುತ್ತಿದ್ದರು. ಮಾತೂ ತಪ್ಪುತ್ತಿತ್ತು, ಹೆಂಡತಿಯನ್ನೇ "ನೀನ್ಯಾರು?" ಎನ್ನುತ್ತಿದ್ದರು. ಔಕ್ಯೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು ಸೋತಿದ್ದರು.

"ಮರೆವಿನ ಕಾಯಿಲೆ ಅಂತ ಕಾಣ್ಸುತ್ತೆ ರಿನ್ಸ್ಕೆ. ವೃದ್ಧರ ಆರೈಕೆ ಮನೇಲಿ ಜಾಗ ಕೇಳಿದೀನಿ. ನನ್ ಕೈಲಿ ಆಗಲ್ಲ."

ರಿನ್ಸ್ಕೆ ಒಂದೇ ಪ್ರಶ್ನೆ ಕೇಳಿದರು: "ಕೊನೇ ಸಲ ಗಟ್ಟಿಯಾಗಿ, ಪೂರ್ತಿಯಾಗಿ ಹೋಗಿದ್ದು ಯಾವಾಗ?"

ಔಕ್ಯೆ ವಾರಗಳನ್ನು ಎಣಿಸಿ, ಗಂಡ ಮಂಡಿನೋವಿಗೆ ಹೊಸ ಮಾತ್ರೆ ಶುರು ಮಾಡಿದ ವಾರ ಎಂದರು. ರಿನ್ಸ್ಕೆ ಡೌವೆಯ ಹೊಟ್ಟೆ ಮುಟ್ಟಿ ನೋಡಿದರು. ಎಡಗಡೆ ಗಟ್ಟಿ ಉಂಡೆಗಳು ಕೈಗೆ ಸಿಕ್ಕವು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಬಂದು ಪರೀಕ್ಷಿಸಿದರು. ಅದು ಭೇದಿಯೇ ಅಲ್ಲ, ನೋವಿನ ಮಾತ್ರೆಯಿಂದಾದ ಮಲಬದ್ಧತೆ; ವಯಸ್ಸಾದವರಲ್ಲಿ ಅದರಿಂದ ಬುದ್ಧಿಯೂ ಮಂಕಾಗುತ್ತದೆ. ಎರಡೂ ಮಾತ್ರೆ ನಿಲ್ಲಿಸಿ, ಎನಿಮಾ ಕೊಟ್ಟರು.

ವಾರ ಕಳೆಯುವಷ್ಟರಲ್ಲಿ ಡೌವೆ ಮೊದಲಿನಂತಾದರು. "ಸೇತುವೆ ಕೆಳಗೆ ದೊಡ್ಡ ದೋಣಿ ಸಿಕ್ಕಾಕೊಂಡಿತ್ತು ಕಣಮ್ಮ. ಸಂದೀಲಿ ನೀರು ಮಾತ್ರ ಸೋರ್ತಿತ್ತು. ಇವಳು ನೀರನ್ನೂ ನಿಲ್ಸೋಕೆ ಹೋದಳು!"

"ನಿಮ್ಮ ಹೊದಿಕೆ ನೀವೇ ಒಗೆದಿದ್ರೆ ಗೊತ್ತಾಗ್ತಿತ್ತು," ಎಂದು ಔಕ್ಯೆ ಚುಚ್ಚಿದರು. ನಗುತ್ತಲೇ ಕಣ್ಣೊರೆಸಿಕೊಂಡರು. ಆರೈಕೆ ಮನೆಗೆ ತಾವೇ ಫೋನ್ ಮಾಡಿ, ಜಾಗ ಬೇಡವೆಂದರು.

ಈಗ ರಿನ್ಸ್ಕೆ ಹೋದಾಗೆಲ್ಲ ಔಕ್ಯೆ ಒಂದು ತುಂಡು ಕೇಕ್ ಮುಂದಿಡುತ್ತಾರೆ. ಹಾಗೆ ಥ್ಯಾಂಕ್ಸ್ ಹೇಳಬೇಡಿ ಎಂದರೂ ಕೇಳುವುದಿಲ್ಲ.

"ನಾನೇನು ಡಾಕ್ಟರಲ್ಲ," ಎನ್ನುತ್ತಾರೆ ರಿನ್ಸ್ಕೆ, ಸೈಕಲ್ ಬೀಗ ತೆಗೆಯುತ್ತ. "ಜನ ಹೇಳೋಕೆ ಹಿಂಜರಿಯೋದನ್ನ ಕೇಳ್ತೀನಿ, ಅಷ್ಟೆ. ನಾನು ಮುದುಕಿ ಆದಾಗ ನನ್ನನ್ನೂ ಯಾರಾದ್ರೂ ಹೀಗೆ ಕೇಳಿದ್ರೆ ಸಾಕು. ಬೈಯ್ತೀನಿ. ಆದ್ರೆ ಹೇಳ್ತೀನಿ."