ನನ್ನ ತಮ್ಮ ಕಟ್ಟಿದ ಕಬಡ್ಡಿ ಟೀಮು

ಆಗ ನನಗೆ ಅರವತ್ತೆಂಟು. ಇದು ನಡೆದು ಆರು ವರ್ಷವಾಯಿತು. ಕೊತ್ತತ್ತಿ ಮಗ್ಗುಲಿನ ನಮ್ಮೂರಿನ ಕಬಡ್ಡಿ ಟೀಮಿಗೆ ನನ್ನ ತಮ್ಮನೇ ಮ್ಯಾನೇಜರು. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು, ಹೊರಗಿನಿಂದ ಯಾರನ್ನು ಕರೆತರಬೇಕು, ಎಲ್ಲ ಅವನದೇ. ಅವನು ಒಂದು ದಿನವೂ ಆಡಿದವನಲ್ಲ. ನಾನೂ ಆಡಿಲ್ಲ. ಆದರೆ ನಾನು ಆಟ ನೋಡುತ್ತಿದ್ದೆ, ಅವನು ಆಟದ ಹೊತ್ತಿನಲ್ಲೂ ಫೋನಿನಲ್ಲಿರುತ್ತಿದ್ದ.

ಆ ವರ್ಷ ಊರವರು ಅವನಿಗೆ ಕಡೇ ಮಾತು ಹೇಳಿಬಿಟ್ಟಿದ್ದರು. ಭಾರತೀನಗರದ ಪಂದ್ಯ ಗೆಲ್ಲದಿದ್ದರೆ ಮ್ಯಾನೇಜರಿಕೆ ಬಿಡಬೇಕು. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಗದ್ದೆ ಬೇರೆಯವರಿಗೆ ಪಾಲಿಗೆ ಕೊಟ್ಟಿದ್ದಾನೆ. ಟೀಮೂ ಹೋದರೆ ಬೆಳಗಿನಿಂದ ಸಂಜೆವರೆಗೆ ನನ್ನ ಜಗುಲಿಯ ಮೇಲೆ ಕೂರುತ್ತಾನೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಅವನು ಗೆಲ್ಲುವುದು ನನಗೂ ಬೇಕಾಗಿತ್ತು.

ಪಂದ್ಯಕ್ಕೆ ವಾರ ಇರುವಾಗ ಬಂದು, ಯಾರ್‍ಯಾರನ್ನು ಆರಿಸಿದ್ದೇನೆ ಎಂದು ಹೇಳಿದ. ನಾನು ಅವರೆಕಾಯಿ ಸುಲಿಯುತ್ತಿದ್ದೆ.

"ಎಲ್ಲಾ ರೇಡರ್‌ಗಳೇ ಆದ್ರಲ್ಲೋ. ಬಂದೋನ್ನ ಇಡ್ಕೊಳ್ಳೋರು ಯಾರ್ಲಾ?"

"ನುಗ್ಗಿ ನುಗ್ಗಿ ಒಡೆಯೋದು ಕಣಕ್ಕ. ಇಡ್ಕೊಳ್ಳೋ ಕೆಲಸವೇ ಬರಾಕಿಲ್ಲ."

"ಆ ಮಳವಳ್ಳಿಯವನು ಯಾಕ್ಲಾ? ತಲೆ ಬಾಚ್ಕೊಳ್ಳೋದ್ರಲ್ಲೇ ಅವನ ಆಟ ಮುಗೀತದೆ."

"ನಾನು ಅವನ ಕಾಲು ನೋಡಿ ತಂದಿದ್ದೀನಿ. ತಲೆ ಅವಂದು, ಏನಾರಾ ಮಾಡ್ಕೊಳ್ಲಿ ಬುಡು."

"ಆ ದಪ್ಪನೋನು? ಬಗ್ಗಿದ್ರೆ ಏಳಾಕಾಯ್ತದಾ?"

"ಅವನ ತಾವ ಟೆಂಪೋ ಐತೆ. ಟೀಮು ಭಾರತೀನಗರಕ್ಕೆ ನಡ್ಕೊಂಡು ಓಯ್ತದಾ?"

ನಾನು ಇನ್ನೊಂದು ಹಿಡಿ ಅವರೆಕಾಯಿ ಮಡಿಲಿಗೆ ಹಾಕಿಕೊಂಡೆ.

ನಾವಿಬ್ಬರೂ ಒಪ್ಪಿದ್ದು ಒಬ್ಬನನ್ನೇ, ಎಡಗಡೆ ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನನ್ನು. ನಮ್ಮೂರಿನವನೇ. ಕಬ್ಬು ಕಡಿದು ಕಡಿದು ಕೈ ಕಬ್ಬಿಣವಾಗಿತ್ತು. ಅಪ್ಪ ಇಲ್ಲ. ಎರಡು ತಿಂಗಳ ಹಿಂದೆ ತಾನೇ ನಿಂತು ತಂಗಿಯ ಮದುವೆ ಮಾಡಿದ್ದ. ಅವನ ಕೈಗೆ ಸಿಕ್ಕ ಕಾಲು ಟ್ರ್ಯಾಕ್ಟರ್ ಕಟ್ಟಿ ಎಳೆದರೂ ಬರುತ್ತಿರಲಿಲ್ಲ.

ಭಾನುವಾರ ಟೆಂಪೋದಲ್ಲಿ ಹೋದೆವು. ಮೊದಲ ಎರಡು ಆಟ ಗೆದ್ದೆವು. ಮಳವಳ್ಳಿಯವನೇ ಗೆಲ್ಲಿಸಿದ. ನನ್ನ ತಮ್ಮ ಫೋನು ಕಿವಿಯಿಂದ ತೆಗೆದು ನನ್ನ ಕಡೆ ತಿರುಗಿದ.

"ಏನಕ್ಕ?"

"ತಲೆ ಬಾಚ್ತಾನೆ ಅಂದೆ. ಆಟ ಬರಾಕಿಲ್ಲ ಅಂದ್ನಾ ನಾನು?"

ಫೈನಲ್ಲಿಗೆ ಎದುರು ಬಂದದ್ದು ಮಳವಳ್ಳಿ ತಾಲ್ಲೂಕಿನ ಒಂದು ಊರು. ಅವರ ದೊಡ್ಡ ರೇಡರ್ ಅಂಕಣಕ್ಕೆ ಇಳಿದಾಗ ಎಲ್ಲೋ ನೋಡಿದ ಮುಖ ಅನ್ನಿಸಿತು. ಆಮೇಲೆ ಗುರುತು ಹತ್ತಿತು. ನಮ್ಮ ಎಡಮೂಲೆಯವನ ತಂಗಿ ಗಂಡ. ನಾನೇ ಆ ಮದುವೆಯಲ್ಲಿ ಹೋಳಿಗೆ ತಿಂದು ಬಂದಿದ್ದೆ.

ಕಡೆಯ ರೇಡ್ ಹೊತ್ತಿಗೆ ಎರಡೂ ಕಡೆ ಅಂಕ ಸಮ. ಆ ಮದುಮಗನೇ ಬಂದ. ಕಬಡ್ಡಿ ಕಬಡ್ಡಿ ಎನ್ನುತ್ತಾ ಎಡಮೂಲೆಗೆ ಕಾಲು ಚಾಚಿದ. ನಮ್ಮವನು ಹಾರಿ ಹಿಮ್ಮಡಿಗೆ ಕೈ ಹಾಕಿದ. ಮದುಮಗ ನಡುಗೆರೆಯ ಹತ್ತಿರ ಬೋರಲು ಬಿದ್ದ. ಮುಗಿಯಿತು ಎಂದು ನಾವೆಲ್ಲ ಎದ್ದು ನಿಂತೆವು. ಆಗ ನಮ್ಮವನು ಕೈಯಲ್ಲಿದ್ದ ಕಾಲನ್ನು ನೋಡಿದ.

"ಬಾವ, ನೋವಾಯ್ತಾ?"

ಬಾವ "ಕಬಡ್ಡಿ ಕಬಡ್ಡಿ" ಎಂದ. ಆಡುವವನು ಬೇರೇನು ಹೇಳಿಯಾನು? ನಮ್ಮವನ ಕೈ ಸಡಿಲವಾಯಿತು. ಬಾವ ತೆವಳಿ ಹೋಗಿ ಗೆರೆ ಮುಟ್ಟಿದ.

ನನ್ನ ತಮ್ಮ ಫೋನು ಎಸೆದು ಓಡಿದ.

"ಲೇ, ಸಿಕ್ಕಿದ್ ಕಾಲು ಯಾಕ್ಲಾ ಬುಟ್ಟೆ?"

"ಧಾರೇಲಿ ನಾನೇ ತಟ್ಟೇಲಿ ಇಟ್ಕೊಂಡು ತೊಳ್ದಿದ್ ಕಾಲು ಕಣಣ್ಣ. ಅಪ್ಪ ಇರಲಿಲ್ವಲ್ಲ. ತಿರುಚಾಕೆ ಕೈ ಬರ್ನಿಲ್ಲ."

"ಆಟದಲ್ಲಿ ಯಾವ ಬಾವನ್ಲಾ!"

"ಆಟ ಈಗ ಮುಗೀತು. ನನ್ ತಂಗಿ ನಾಳೀಕೂ ಅಲ್ಲೇ ಇರಬೇಕಲ್ಲ."

ನನ್ನ ತಮ್ಮ ಎಸೆದ ಫೋನು ಹುಡುಕಲು ಹೋದ. ಅವನು ಕಾಲು ನೋಡಿದ್ದ, ತೂಕ ನೋಡಿದ್ದ, ಟೆಂಪೋ ನೋಡಿದ್ದ. ನಾನು ಕ್ರಾಪು ನೋಡಿದ್ದೆ. ಆ ಹುಡುಗ ತಂಗಿಯನ್ನು ಎಲ್ಲಿಗೆ ಕೊಟ್ಟಿದ್ದಾನೆ ಎಂದು ಇಬ್ಬರೂ ನೋಡಿರಲಿಲ್ಲ.

ಸಂಜೆ ಊರವರು ಅರಳಿಕಟ್ಟೆಯ ಹತ್ತಿರ ಸೇರಿ ಅವನನ್ನು ಚೆನ್ನಾಗಿ ಬೈದರು. ಮ್ಯಾನೇಜರಿಕೆ ಬಿಡು ಎಂದರು. ಬಿಟ್ಟೆ, ಯಾರು ತಗೊಳ್ತೀರಿ ಎಂದ. ಎಲ್ಲರೂ ಮರ ನೋಡಿದರು. ಕಡೆಗೆ ಯಜಮಾನರೊಬ್ಬರು, "ಎಡಮೂಲೆಗೆ ಬೇರೆ ಆಳು ತಂದ್ರೆ ನೀನೇ ಇರು, ಇಲ್ದಿದ್ರೆ ಟೀಮೇ ಬ್ಯಾಡ" ಎಂದರು.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಅವನು ಆಗಲೇ ನನ್ನ ಜಗುಲಿಯ ಮೇಲೆ ಕೂತಿದ್ದ. ಯಾರನ್ನು ತರಲಿ ಎಂದೂ ಕೇಳಲಿಲ್ಲ, ಕಾಫಿ ಕೇಳಿದ. ಕಾಸಿ ಕೊಟ್ಟು, ಮೊದಲ ಬಸ್ಸಿಗೆ ಮದ್ದೂರಿಗೆ ಹೋದೆ. ಅಲ್ಲಿ ಪಕ್ಕದ ಹಳ್ಳಿಯಲ್ಲಿ ಒಳ್ಳೇ ಕೈಯವನೊಬ್ಬ ಇದ್ದಾನೆ ಎಂದು ಕೇಳಿದ್ದೆ. ಹುಡುಕಿಕೊಂಡು ಹೋದಾಗ ಅವನು ಹಸುವಿಗೆ ಹುಲ್ಲು ಹಾಕುತ್ತಿದ್ದ. ನಾನು ಆಟದ ಮಾತೇ ಎತ್ತಲಿಲ್ಲ.

"ನಿಂಗೆ ಅಕ್ಕತಂಗೀರು ಎಷ್ಟು ಜನವಪ್ಪಾ?"

"ಐದು ಜನ ಕಣಜ್ಜಿ. ಎಲ್ಲಾ ಕೊಟ್ಟಾಯ್ತು."

"ಎಲ್ಲೆಲ್ಲಿಗೆ?"

ಹೇಳತೊಡಗಿದ. ಮೂರನೆಯ ಊರಿನ ಹೆಸರು ಬರುವ ಹೊತ್ತಿಗೆ ನಾನು ವಾಪಸ್ ಬಸ್ಸಿಗೆ ಎದ್ದೆ.