ಕತ್ತರಿಗೆ ಸಿಕ್ಕ ಎಲ್ಕ್‌ಹೌಂಡ್

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಆಗ ನಾನು ಕುರುಗೋಡು ಭಾಗದಲ್ಲಿ ಪಶುವೈದ್ಯನಾಗಿದ್ದೆ. ಕುರಿ, ಎಮ್ಮೆ, ಎತ್ತುಗಳ ನಡುವೆಯೇ ನನ್ನ ದಿನ ಕಳೆಯುತ್ತಿತ್ತು. ನಾರ್ವೆಯ ಬೇಟೆನಾಯಿ ಎಲ್ಕ್‌ಹೌಂಡ್ ಅನ್ನು ಪುಸ್ತಕದಲ್ಲಷ್ಟೇ ಕಂಡಿದ್ದ ನನಗೆ ಅದು ಎದುರಾದದ್ದು ಬಾದನಹಟ್ಟಿಯ ಕುರಿಗಾರ ಈರಣ್ಣನ ಅಂಗಳದಲ್ಲಿ.

ಬಳ್ಳಾರಿಯಿಂದ ವರ್ಗವಾಗಿ ಹೊರಟ ಎಂಜಿನಿಯರ್ ಒಬ್ಬರು ಅದನ್ನು ಈರಣ್ಣನಿಗೆ ಒಪ್ಪಿಸಿ ಹೋಗಿದ್ದರು. ಬೂದು ಬಣ್ಣ, ಸುರುಳಿ ಬಾಲ, ದಟ್ಟ ಕೂದಲು. ಈರಣ್ಣನ ಹೆಂಡತಿ ಗಂಗಮ್ಮ ಅವನಿಗೆ ಬೂದ್ಯಾ ಎಂದು ಹೆಸರಿಟ್ಟಿದ್ದಳು. ಆಕೆ ಬಡಿದ ಮೊದಲ ರೊಟ್ಟಿ ಬೂದ್ಯಾನಿಗೆ. ಗಂಡ ಎರಡನೆಯದಕ್ಕೆ ಕಾಯಬೇಕು.

ಒಂದು ಮಧ್ಯಾಹ್ನ ಈರಣ್ಣನ ಫೋನ್ ಬಂತು. “ಸರ್, ಬೂದ್ಯಾ ಬಿದ್ದಾನ್ರಿ. ಏಳವಲ್ಲ. ಲಗೂನ ಬರ್ರಿ!”

ಹೋಗಿ ನೋಡಿದರೆ ಬೇವಿನ ಮರದಡಿ ಒದ್ದೆ ಕಂಬಳಿಯ ಗಂಟು, ಅದರೊಳಗೆ ನಾಯಿ. ಕಂಬಳಿ ಕಿತ್ತೆಸೆದವನೇ ದಂಗಾದೆ. ಮೈಮೇಲೆ ಕೂದಲೇ ಇಲ್ಲ, ಬೆನ್ನಿನ ಚರ್ಮ ಕೆಂಪಗೆ ಸುಟ್ಟಿದೆ.

“ಇದೇನಪ್ಪಾ ಮಾಡಿದ್ದು?”

“ಧಗಿಗೆ ಒದ್ದಾಡ್ತಿದ್ದ ಸರ್. ತಂಪಾಗಿರ್ಲಿ ಅಂತ ನಿನ್ನೆ ಕುರಿಗೆ ಮಾಡ್ದಂಗ ಮೈಕೂದ್ಲಾ ಕತ್ತರಿಸಿದ್ನಿರಿ,” ಎಂದ ಈರಣ್ಣ.

ಸಿಟ್ಟು ನೆತ್ತಿಗೇರಿತು, ಆದರೆ ಬೈಯಲು ಪುರಸೊತ್ತಿರಲಿಲ್ಲ. ಥರ್ಮಾಮೀಟರ್ 107 ಡಿಗ್ರಿ ತೋರಿಸುತ್ತಿತ್ತು. ಹೀಟ್‌ಸ್ಟ್ರೋಕ್, ಅಂದರೆ ಮೈಯ ಬಿಸಿ ಹೊರಹೋಗದೆ ಒಳಗಿನ ಅಂಗಗಳೇ ಕೆಡತೊಡಗುವ ಸ್ಥಿತಿ. ಈ ತಳಿಗೆ ಎರಡು ಪದರ ಕೂದಲು. ಹೊರಗಿನ ಪದರವೇ ಬಿಸಿಲಿಗೆ ಕೊಡೆ. ಅದನ್ನು ಕಳೆದುಕೊಂಡ ಬೂದ್ಯಾ ಬೆಳಗಿನಿಂದ ಬರಿಮೈಯಲ್ಲಿ ಕುರಿಗಳ ಹಿಂದೆ ಓಡಿದ್ದ. ಬೇಟೆನಾಯಿ, ಸಾಕಾಯಿತೆಂದು ಕೂರುವ ಪೈಕಿಯಲ್ಲ. ಬಿದ್ದ ಮೇಲೆ ಸುತ್ತಿದ ಒದ್ದೆ ಕಂಬಳಿ ಉಳಿದ ಬಿಸಿಯನ್ನೂ ಒಳಗೇ ಹಿಡಿದಿಟ್ಟಿತ್ತು.

ಹೊಟ್ಟೆಗೆ, ಪಾದಗಳಿಗೆ ನೀರು ಸುರಿದೆ. ಈರಣ್ಣ ಮೊರದಿಂದ ಗಾಳಿ ಹಾಕಿದ. ಗಂಗಮ್ಮ ಡ್ರಿಪ್ ಬಾಟಲಿ ಎತ್ತಿ ಹಿಡಿದು, ಗಂಡನ ಮುಖ ನೋಡದೆಯೇ ಹೇಳಿದಳು: “ಇವ ಹೋದ್ರ, ಆ ಕತ್ತರಿ ತಗಂಡು ನೀನೂ ಹೋಗು.”

ಅಷ್ಟರಲ್ಲಿ ಬೂದ್ಯಾನಿಗೆ ಫಿಟ್ಸ್ ಶುರುವಾಯಿತು. ಇಂಜೆಕ್ಷನ್ ಕೊಟ್ಟೆ, ಆದರೂ ನಾಯಿ ಉಳಿಯಲಿಕ್ಕಿಲ್ಲವೆಂದೇ ಹೆದರಿದೆ. ಮೈಯ ಬಿಸಿ 103ಕ್ಕೆ ಇಳಿದಾಗ ನೀರು ನಿಲ್ಲಿಸಿದೆ. ಮೈ ತೀರಾ ತಣ್ಣಗಾದರೆ ಅದೂ ಅಪಾಯವೇ. ಇನ್ನು ಕಾಯುವುದಷ್ಟೇ ಉಳಿದಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಗಂಗಮ್ಮ “ಬೂದ್ಯಾ” ಅಂದಳು. ಬಾಲ ಒಮ್ಮೆ ನೆಲಕ್ಕೆ ಬಡಿಯಿತು. ಈರಣ್ಣ ಮೊರ ಬಿಸಾಕಿ ಗಳಗಳನೆ ಅತ್ತ.

ಮರು ಬೇಸಿಗೆಯಲ್ಲಿ ಕುರಿಗಳಿಗೆ ಲಸಿಕೆ ಹಾಕಲು ಹೋಗಿದ್ದೆ. ಬೂದ್ಯಾನ ಕೂದಲು ಮರಳಿ ಬಂದಿತ್ತು. ಬೇವಿನಡಿ ಅವನಿಗೆಂದೇ ತೋಡಿದ ಒದ್ದೆ ಮರಳಿನ ಗುಂಡಿಯಲ್ಲಿ ಮಲಗಿದ್ದ. ಈರಣ್ಣ ಕುರಿ ಉಣ್ಣೆಗೆ ಕತ್ತರಿ ಎತ್ತಿದ್ದೇ ತಡ, ಬೂದ್ಯಾ ಎದ್ದು ಹೋಗಿ ಗಂಗಮ್ಮನ ಹಿಂದೆ ನಿಂತ.

“ನೋಡ್ರಿ ಸರ್, ಇನ್ನೂ ನನ್ನ ನಂಬಂಗಿಲ್ಲ,” ಎಂದು ಈರಣ್ಣ ನಕ್ಕ.

ಈಗ ಬಳ್ಳಾರಿಯ ಸತ್ಯನಾರಾಯಣಪೇಟೆಯ ನನ್ನ ಕ್ಲಿನಿಕ್ಕಿಗೆ ಜನ ಉದ್ದಕೂದಲಿನ ನಾಯಿ ತಂದು “ಪಾಪ, ಬೋಳಿಸಿಬಿಡ್ರಿ” ಅನ್ನುತ್ತಾರೆ. ಅವರಿಗೆ ಬೂದ್ಯಾನ ಕಥೆ ಹೇಳುತ್ತೇನೆ. ನಿರ್ದಯಿಗಳ ಕೈಯಿಂದ ಪ್ರಾಣಿ ಓಡಿಯಾದರೂ ಹೋಗುತ್ತದೆ. ಪ್ರೀತಿಸುವವರು ಕತ್ತರಿ ಹಿಡಿದು ಬಂದರೆ ಅದು ಸುಮ್ಮನೆ ಮೈ ಒಡ್ಡುತ್ತದೆ.